ಕೂಗಿ ಕುಣಿಸುವ ಊರು

ಸೋಮವಾರದ ಸಂಜೆ. ಅಮೆರಿಕದ ಬೋಸ್ಟನ್ ನಗರದಿಂದ ವಾಯವ್ಯಕ್ಕೆ ಕಾರಿನಲ್ಲಿ ಸುಮಾರು ಎರಡು ತಾಸು ಸಾಗಿದರೆ ದೊಡ್ಡ ರಸ್ತೆ ಮುಗಿದು ಗುಡ್ಡದ ಕಿರುದಾರಿ ಸಿಗುತ್ತದೆ. ಎರಡೂ ಬದಿಗೆ ಮೇಪಲ್ ಮರಗಳು, ಹೊಲದ ಕಲ್ಲು ಆರಿಸಿ ಒಟ್ಟಿದ ಹಳೆಯ ಬೇಲಿಗೋಡೆಗಳು, ಅಲ್ಲೊಂದು ಇಲ್ಲೊಂದು ಮನೆಯ ದೀಪ. ಏರು ಮುಗಿದಲ್ಲಿ ಒಂದು ಹುಲ್ಲಿನ ಬಯಲು. ಅದರ ಸುತ್ತ ಬಿಳಿ ಬಣ್ಣದ ಚರ್ಚು, ಪುಟ್ಟ ಗ್ರಂಥಾಲಯ, ಒಂದು ಕಾಲದಲ್ಲಿ ಶಾಲೆಯಾಗಿದ್ದ ಇಟ್ಟಿಗೆಯ ಕಟ್ಟಡ ಮತ್ತು ಮರದ ಪುರಭವನ. ಇದೇ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನೆಲ್ಸನ್ ಗ್ರಾಮ. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಆರುನೂರು ಚಿಲ್ಲರೆ. ಇಂಥ ಊರಿನ ಪುರಭವನದ ಮುಂದೆ ಸೋಮವಾರ ರಾತ್ರಿ ಮಾತ್ರ ಕಾರುಗಳು ಸಾಲುಗಟ್ಟುತ್ತವೆ. ಒಳಗಿನಿಂದ ಪಿಟೀಲಿನ ನಾದ, ಪಿಯಾನೋದ ದಪ್ಪ ತಾಳ, ಮರದ ನೆಲದ ಮೇಲೆ ನೂರಾರು ಹೆಜ್ಜೆಗಳ ಸದ್ದು ಕೇಳಿಬರುತ್ತವೆ. ಅವೆಲ್ಲದರ ಮೇಲೆ ಒಂದು ಮನುಷ್ಯ ದನಿ ಏನನ್ನೋ ಕೂಗಿ ಹೇಳುತ್ತಿರುತ್ತದೆ.

ಆ ದನಿಯ ಒಡೆಯನಿಗೆ, ಅಥವಾ ಒಡತಿಗೆ, ಇಲ್ಲಿನವರು ‘ಕಾಲರ್’ ಎನ್ನುತ್ತಾರೆ. ಅಂಗಿಯ ಕಾಲರ್ ಅಲ್ಲ. ಕರೆದು ಹೇಳುವ ಕಾಲರ್. ನಮ್ಮ ಯಕ್ಷಗಾನಕ್ಕೆ ಭಾಗವತರು ಹೇಗೋ ಈ ಕುಣಿತಕ್ಕೆ ಇವರು ಹಾಗೆ. ಆದರೆ ಇವರ ಎದುರು ಇರುವವರು ವರ್ಷಗಟ್ಟಲೆ ಪಳಗಿದ ವೇಷಧಾರಿಗಳಲ್ಲ. ಅರ್ಧ ತಾಸಿನ ಹಿಂದೆ ಮೊದಲ ಬಾರಿಗೆ ಬಾಗಿಲು ದಾಟಿ ಬಂದ ಬ್ಯಾಂಕಿನ ಗುಮಾಸ್ತ, ಎಂಟು ವರ್ಷದ ಹುಡುಗಿ, ಅವಳ ಅಜ್ಜ, ಕಾಲೇಜಿನ ನಾಲ್ಕು ಹುಡುಗರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಇವರನ್ನೆಲ್ಲ ಹತ್ತು ನಿಮಿಷದಲ್ಲಿ ಒಟ್ಟಿಗೆ ಕುಣಿಸುವುದು ಕಾಲರ್‌ನ ಕೆಲಸ.

ಗುಡ್ಡದ ಕೆಳಗಿನ ಊರುಗಳು

ಈ ಸೀಮೆಗೆ ಹೆಸರು ಬಂದದ್ದು ಮೊನಾಡ್ನಾಕ್ ಎಂಬ ಬೆಟ್ಟದಿಂದ. ಎತ್ತರ 965 ಮೀಟರ್. ನಮ್ಮ ನಂದಿಬೆಟ್ಟಕ್ಕಿಂತ ಗಿಡ್ಡ. ಆದರೂ ಸುತ್ತ ಬೇರೆ ಎತ್ತರದ ಬೆಟ್ಟಗಳಿಲ್ಲದೆ ಒಂಟಿಯಾಗಿ ನಿಂತಿರುವುದರಿಂದ ದೂರದೂರಕ್ಕೂ ಕಾಣುತ್ತದೆ. ಸುತ್ತಲಿನ ಬಂಡೆ ಸವೆದುಹೋಗಿ ಗಟ್ಟಿ ಬಂಡೆಯ ಬೆಟ್ಟವೊಂದೇ ಉಳಿದರೆ ಅದನ್ನು ಭೂವಿಜ್ಞಾನಿಗಳು ‘ಮೊನಾಡ್ನಾಕ್’ ಎಂದೇ ಕರೆಯುತ್ತಾರೆ. ಆ ಪಾರಿಭಾಷಿಕ ಪದ ಹುಟ್ಟಿದ್ದು ಈ ಬೆಟ್ಟದ ಹೆಸರಿನಿಂದಲೇ. ಲೇಖಕ ಹೆನ್ರಿ ಡೇವಿಡ್ ಥೋರೋ ಇದನ್ನು ಹತ್ತಿ ಟಿಪ್ಪಣಿ ಬರೆದಿಟ್ಟಿದ್ದಾನೆ. ಚಳಿಗಾಲದಲ್ಲಿ ಹಿಮ ಮೊಣಕಾಲ ಮಟ್ಟ ಬೀಳುತ್ತದೆ, ಅಕ್ಟೋಬರಿನಲ್ಲಿ ಮೇಪಲ್ ಎಲೆ ಕೆಂಪೇರುತ್ತದೆ.

ನೆಲ್ಸನ್ ಎಂಬ ಹೆಸರಿನದೂ ಒಂದು ತಮಾಷೆ. 1814ರಲ್ಲಿ, ಅಮೆರಿಕ ಬ್ರಿಟನ್ನಿನೊಂದಿಗೆ ಯುದ್ಧದಲ್ಲಿದ್ದಾಗಲೇ, ಊರಿನವರು ಬ್ರಿಟಿಷ್ ನೌಕಾಧಿಪತಿ ಹೊರೇಷಿಯೋ ನೆಲ್ಸನ್‌ನ ಹೆಸರನ್ನು ತಮ್ಮ ಊರಿಗೆ ಇಟ್ಟುಕೊಂಡರು. ಇವರ ಕುಣಿತವೂ ಮೂಲದಲ್ಲಿ ಇಂಗ್ಲೆಂಡಿನದೇ. 1651ರಲ್ಲಿ ಲಂಡನ್ನಿನ ಜಾನ್ ಪ್ಲೇಫರ್ಡ್ ನೂರಕ್ಕೂ ಹೆಚ್ಚು ಹಳ್ಳಿಗಾಡಿನ ಕುಣಿತಗಳನ್ನು ರಾಗ ಸಹಿತ ಅಚ್ಚು ಹಾಕಿಸಿದ. ಅವು ಫ್ರಾನ್ಸಿಗೆ ಹೋದವು, ಹಡಗು ಹತ್ತಿ ಅಮೆರಿಕಕ್ಕೂ ಬಂದವು. ಎರಡು ಸಾಲಾಗಿ ಎದುರುಬದುರು ನಿಂತು ಆಡುವ ಆ ಕುಣಿತಕ್ಕೆ ಇಂದು ‘ಕಾಂಟ್ರಾ ಡಾನ್ಸ್’ ಎಂದು ಹೆಸರು.

ಅರವತ್ತನಾಲ್ಕು ಹೆಜ್ಜೆಯ ಲೆಕ್ಕ

ಈ ಕುಣಿತದ ಒಳಗೆ ಅಚ್ಚುಕಟ್ಟಾದ ಗಣಿತವಿದೆ. ರಾಗಕ್ಕೆ ಎರಡು ಭಾಗ; ಪ್ರತಿ ಭಾಗವನ್ನೂ ಎರಡೆರಡು ಬಾರಿ ನುಡಿಸುತ್ತಾರೆ. ಒಂದೊಂದು ಸಲಕ್ಕೆ 16 ಹೆಜ್ಜೆ. ಒಟ್ಟು 64. ಕೈ ಹಿಡಿದು ಸುತ್ತುವುದು, ಸಾಲು ಮುಂದೆ ಬಂದು ಹಿಂದೆ ಸರಿಯುವುದು, ಒಬ್ಬರನ್ನೊಬ್ಬರು ಬೆನ್ನು ತೋರಿಸಿ ಸುತ್ತಿಬರುವುದು, ಹೀಗೆ ಒಂದೊಂದು ಚಲನೆಗೂ 8 ಅಥವಾ 16 ಹೆಜ್ಜೆ. ನಿಮಿಷಕ್ಕೆ ಸುಮಾರು 116 ಹೆಜ್ಜೆಯ ವೇಗ ಎಂದುಕೊಂಡರೆ ಒಂದು ಸುತ್ತು 33 ಸೆಕೆಂಡಿನಲ್ಲಿ ಮುಗಿಯುತ್ತದೆ. ಸುತ್ತು ಮುಗಿದಾಗ ಪ್ರತಿ ಜೋಡಿಯೂ ಒಂದು ಸ್ಥಾನ ಮುಂದಕ್ಕೆ ಅಥವಾ ಹಿಂದಕ್ಕೆ ಸರಿದಿರುತ್ತದೆ. ಎದುರಿಗೆ ಹೊಸ ಜೋಡಿ ಬಂದಿರುತ್ತದೆ. ಮತ್ತೆ ಅದೇ 64 ಹೆಜ್ಜೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸಾಲಿನ ಬಹುತೇಕ ಎಲ್ಲರ ಕೈಯನ್ನೂ ಒಮ್ಮೆ ಹಿಡಿದು ಬಿಟ್ಟಿರುತ್ತೀರಿ.

ಕಾಲರ್ ಕೂಗುವ ಹೊತ್ತಿಗೂ ಒಂದು ಲೆಕ್ಕವಿದೆ. ಒಂದು ಚಲನೆ ಶುರುವಾದ ಮೇಲೆ ಅದರ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಕೇಳಿ, ತಿಳಿದು, ಕಾಲು ಎತ್ತುವಷ್ಟರಲ್ಲಿ ರಾಗ ಮುಂದೆ ಹೋಗಿರುತ್ತದೆ. ಆದ್ದರಿಂದ ಈಗಿನ ಚಲನೆಯ ಕೊನೆಯ ನಾಲ್ಕು ತಾಳಗಳಲ್ಲಿಯೇ ಮುಂದಿನದನ್ನು ಹೇಳಿ ಮುಗಿಸಬೇಕು. ನಮ್ಮ ಬಸ್ಸಿನ ಕಂಡಕ್ಟರ್ ಊರು ಬರುವ ಮೊದಲೇ ಊರಿನ ಹೆಸರು ಕೂಗುವಂತೆ. ನಾಲ್ಕು ತಾಳ ಎಂದರೆ ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಹಿಡಿಯುವಷ್ಟು ಮಾತನ್ನೇ ಆರಿಸಿಕೊಳ್ಳಬೇಕು. ‘ಈಗ ನೀವೆಲ್ಲ ನಿಮ್ಮ ಜೊತೆಗಾರರ ಬಲಗೈ ಹಿಡಿದು ಸುತ್ತಿ’ ಎನ್ನಲು ಸಮಯ ಸಾಲದು. ‘ಬಲಗೈ ಸುತ್ತು’ ಎಂದರೆ ಸಾಕು.

ಇನ್ನೂ ಮುಖ್ಯವಾದ ಲೆಕ್ಕ ಬೇರೆ ಇದೆ. ಮೊದಲ ಮೂರು ನಾಲ್ಕು ಸುತ್ತು ಕಾಲರ್ ಎಲ್ಲವನ್ನೂ ಕೂಗುತ್ತಾರೆ. ಕುಣಿಯುವವರ ಕಾಲಿಗೆ ಕ್ರಮ ಹತ್ತಿತೆಂದು ಕಂಡಾಗ ಮಾತು ಅರ್ಧಕ್ಕಿಳಿಯುತ್ತದೆ. ಆಮೇಲೆ ಒಂದೊಂದೇ ಪದ. ಕೊನೆಗೆ ಏನೂ ಇಲ್ಲ. ಪಿಟೀಲು, ಪಿಯಾನೋ, ಹೆಜ್ಜೆಗಳಷ್ಟೇ ಉಳಿಯುತ್ತವೆ. ಕಾಲರ್ ವೇದಿಕೆಯ ಅಂಚಿಗೆ ಸರಿದು ನೋಡುತ್ತಾ ನಿಲ್ಲುತ್ತಾರೆ. ಎಲ್ಲಾದರೂ ಒಂದು ಜೋಡಿ ತಬ್ಬಿಬ್ಬಾದರೆ ಒಂದು ಮಾತು ಎಸೆದು ಮತ್ತೆ ಸುಮ್ಮನಾಗುತ್ತಾರೆ. ಎಷ್ಟು ಬೇಗ ತಾನು ಬೇಡವಾದೆ ಎಂಬುದರ ಮೇಲೆಯೇ ಕಾಲರ್‌ನ ಯೋಗ್ಯತೆ ಅಳೆಯುವುದು ಇಲ್ಲಿನ ರೂಢಿ.

ಕೂಗು ಹುಟ್ಟಿದ ಬಗೆ

ಹಾಗಾದರೆ ಈ ಕೂಗುವ ಪದ್ಧತಿ ಇಂಗ್ಲೆಂಡಿನಿಂದಲೇ ಬಂದಿತೇ? ಇಲ್ಲ. ಹಿಂದೆ ಕುಣಿತ ಕಲಿಯಬೇಕಾದರೆ ನೃತ್ಯದ ಮೇಷ್ಟರಿಗೆ ಶುಲ್ಕ ಕೊಟ್ಟು, ಹೆಜ್ಜೆಗಳನ್ನು ಬಾಯಿಪಾಠದಂತೆ ಕಾಲುಪಾಠ ಮಾಡಿಕೊಂಡು ಬರಬೇಕಿತ್ತು. ಹಣವಿದ್ದವರ ಮಕ್ಕಳು ಕಲಿಯುತ್ತಿದ್ದರು, ಉಳಿದವರು ಗೋಡೆ ಬದಿಗೆ ನಿಲ್ಲುತ್ತಿದ್ದರು. ಕುಣಿಯುತ್ತಿರುವವರಿಗೆ ಅಲ್ಲೇ ಹೆಜ್ಜೆ ಹೇಳಿಕೊಡುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ.

1819ರಲ್ಲಿ ವಾಸ್ತುಶಿಲ್ಪಿ ಬೆಂಜಮಿನ್ ಲಾಟ್ರೋಬ್ ನ್ಯೂ ಆರ್ಲಿಯನ್ಸ್ ನಗರದ ಒಂದು ನೃತ್ಯಕೂಟಕ್ಕೆ ಹೋಗಿದ್ದ. ವಾದ್ಯಗಾರರ ನಡುವೆ ನಿಂತು ಕುಣಿತದ ಹೆಜ್ಜೆಗಳನ್ನು ಕೂಗುತ್ತಿದ್ದ ಒಬ್ಬ ಕಪ್ಪು ವರ್ಣದ ವಾದ್ಯಗಾರನ ಬಗ್ಗೆ ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆ ಮಾತಿನಲ್ಲಿ ಮೆಚ್ಚುಗೆಯೇನೂ ಇಲ್ಲ. ಆದರೂ ಅದು ಕೂಗಿನ ಅತಿ ಹಳೆಯ ದಾಖಲೆಗಳಲ್ಲಿ ಒಂದು. ನೃತ್ಯ ಇತಿಹಾಸಕಾರ ಫಿಲ್ ಜೇಮಿಸನ್ 2015ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇಂಥ ದಾಖಲೆಗಳನ್ನು ಒಟ್ಟುಗೂಡಿಸಿ, ಕೂಗಿ ಕುಣಿಸುವ ಕಲೆ ಆಫ್ರಿಕನ್ ಅಮೆರಿಕನ್ ವಾದ್ಯಗಾರರಿಂದ ಬೆಳೆದದ್ದು ಎಂದು ವಾದಿಸಿದ್ದಾರೆ. ಅವರಲ್ಲಿ ಅನೇಕರು ಗುಲಾಮರು. ಒಡೆಯರ ಕೂಟದಲ್ಲಿ ಪಿಟೀಲು ನುಡಿಸಲು ಅವರು ಬೇಕು. ಅದೇ ನೆಲದ ಮೇಲೆ ಅವರು ಕುಣಿಯುವಂತಿಲ್ಲ. ಪಾಠಕ್ಕೆ ಹೋಗದವರನ್ನೂ ಕುಣಿಸುವ ಉಪಾಯ ಅಂಥವರ ಬಾಯಿಂದ ಬಂತು. ಮೇಷ್ಟರ ಶುಲ್ಕದ ಬಾಗಿಲನ್ನು ತೆರೆದವರು, ತಾವು ಬಾಗಿಲ ಹೊರಗೇ ಉಳಿದವರು.

ಮೊನಾಡ್ನಾಕ್ ಸೀಮೆಯ ಮೂವರು

ನೆಲ್ಸನ್ನಿಗೇ ಸೇರಿದ ಮನ್ಸನ್‌ವಿಲ್ ಎಂಬ ಕೆರೆ ದಡದ ಹಳ್ಳಿಯಲ್ಲಿ 1903ರಲ್ಲಿ ರಾಲ್ಫ್ ಪೇಜ್ ಹುಟ್ಟಿದ. 1930ರ ಸುಮಾರಿಗೆ ಕೂಗಲು ಆರಂಭಿಸಿ ಅದನ್ನೇ ಬಾಳಿನ ಕಸುಬಾಗಿ ಮಾಡಿಕೊಂಡ. 1949ರಿಂದ 1984ರವರೆಗೆ ‘ನಾರ್ದರ್ನ್ ಜಂಕೆಟ್’ ಎಂಬ ಪತ್ರಿಕೆ ನಡೆಸಿ ಹಳೆಯ ಕುಣಿತ, ರಾಗ, ಊರಿನ ಕತೆ, ಅಡುಗೆಯ ವಿಧಾನವನ್ನೂ ಅಚ್ಚು ಹಾಕಿದ. 1956ರಲ್ಲಿ ಜಪಾನಿಗೆ ಹೋಗಿ ಅಲ್ಲಿಯೂ ಕಲಿಸಿದ. ಅವನು 1985ರಲ್ಲಿ ತೀರಿಕೊಂಡ ಮೇಲೆ ಅವನ ಪುಸ್ತಕ, ಕಾಗದಪತ್ರಗಳು ಡರಮ್ ಪಟ್ಟಣದಲ್ಲಿರುವ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು.

ಎರಡನೆಯವರು ಬಾಬ್ ಮೆಕ್‌ಕ್ವಿಲೆನ್ (1923-2014). ಹಗಲು ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಗೆಲಸದಂಥ ಕೈಕಸುಬು ಕಲಿಸುವ ಮೇಷ್ಟರು. ರಾತ್ರಿ ಕುಣಿತದ ಮನೆಯಲ್ಲಿ ಪಿಯಾನೋ. ಸಾವಿರಕ್ಕೂ ಹೆಚ್ಚು ರಾಗ ಕಟ್ಟಿದರು. ಬಹಳಷ್ಟು ರಾಗಗಳಿಗೆ ಗೆಳೆಯರ, ನೆರೆಹೊರೆಯವರ ಹೆಸರು. ಯಾರದೋ ಮದುವೆ, ಯಾರದೋ ಹುಟ್ಟುಹಬ್ಬಕ್ಕೆ ಅವರು ಕೊಡುತ್ತಿದ್ದ ಉಡುಗೊರೆ ಒಂದು ರಾಗ. 2002ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಜನಪದ ಕಲಾವಿದರಿಗೆ ನೀಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಅವರಿಗೆ ಸಂದಿತು.

ಮೂರನೆಯವರು ಡಡ್ಲಿ ಲಾಫ್‌ಮನ್. 1930ರಲ್ಲಿ ಹುಟ್ಟಿದ ಇವರು ಹುಡುಗನಾಗಿದ್ದಾಗ ಒಂದು ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದರು. ಆ ಮನೆಯ ಅಡುಗೆಮನೆಯಲ್ಲೇ ಕುಣಿತ ಕಂಡರು. 1960ರ ದಶಕದಲ್ಲಿ ಊರೂರು ತಿರುಗಿ ಯುವಕರನ್ನು ಈ ಹಳೆಯ ಕುಣಿತಕ್ಕೆ ಎಳೆದು ತಂದವರು ಇವರೇ. ಆ ಯುವಕರು ಪಳಗಿದಂತೆ ಕುಣಿತಗಳು ಜಟಿಲವಾದವು, ವೇಗ ಹೆಚ್ಚಿತು. ಲಾಫ್‌ಮನ್ ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ದಾರಿಯಲ್ಲಿ ಹೋಗುವ ಯಾರೂ ಬಂದು ಸೇರಿಕೊಳ್ಳಬಹುದಾದ ಸರಳ ಕುಣಿತವೇ ತಮಗೆ ಸಾಕೆಂದು, ಪತ್ನಿ ಜಾಕ್ವೆಲಿನ್ ಅವರೊಂದಿಗೆ ಎರಡು ಪಿಟೀಲು ಹಿಡಿದು ಶಾಲೆಗಳ ದಾರಿ ಹಿಡಿದರು. 2009ರಲ್ಲಿ ಅದೇ ಫೆಲೋಶಿಪ್ ಅವರಿಗೂ ಬಂತು. ನೆರೆಯ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೋ ಸುತ್ತಮುತ್ತಲಿನ ನಾಲ್ವರು ಸಂಗೀತ ಶಿಕ್ಷಕರು ಸೇರಿ ‘ನ್ಯೂ ಇಂಗ್ಲೆಂಡ್ ಡಾನ್ಸಿಂಗ್ ಮಾಸ್ಟರ್ಸ್’ ಎಂಬ ಗುಂಪು ಕಟ್ಟಿ, 1990ರ ದಶಕದಿಂದ ಮಕ್ಕಳಿಗಾಗಿಯೇ ಕುಣಿತದ ಪುಸ್ತಕಗಳನ್ನೂ ಧ್ವನಿಮುದ್ರಿಕೆಗಳನ್ನೂ ಹೊರತಂದಿದ್ದಾರೆ. ಈ ಸೀಮೆಯ ಅನೇಕ ಶಾಲೆಗಳಲ್ಲಿ ಮಕ್ಕಳು ಕುಣಿಯುವುದು ಇವುಗಳ ಆಧಾರದಿಂದ.

ಮೊದಲ ಪಾಠ

ಇಪ್ಪತ್ತೈದು ಮಕ್ಕಳು ಶಾಲೆಯ ಸಭಾಂಗಣಕ್ಕೆ ಬಂದಿದ್ದಾರೆ ಎನ್ನಿ. ಅನುಭವವಿಲ್ಲದ ಕಾಲರ್ ಬಾಯಿ ತೆರೆದೊಡನೆ ಹೇಳುವ ಮಾತು, ‘ಎಲ್ಲರೂ ಜೋಡಿ ಹುಡುಕಿಕೊಳ್ಳಿ.’ ಪಳಗಿದವರು ಈ ಮಾತನ್ನು ಆಡುವುದೇ ಇಲ್ಲ. ಆ ಒಂದು ವಾಕ್ಯದಿಂದ ಕೋಣೆಯಲ್ಲಿ ಏನಾಗುತ್ತದೆ? ನಾಲ್ಕು ಜಾಣರು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ, ಹುಡುಗರು ಒಂದು ಮೂಲೆಗೆ, ಹುಡುಗಿಯರು ಇನ್ನೊಂದು ಮೂಲೆಗೆ ಓಡುತ್ತಾರೆ, ಕೊನೆಗೆ ಯಾರಿಗೂ ಬೇಡವಾದ ಒಬ್ಬ ನಡುವೆ ನಿಂತಿರುತ್ತಾನೆ. ಇನ್ನೂ ಒಂದು ಹೆಜ್ಜೆ ಹಾಕಿಲ್ಲ, ಆಗಲೇ ಅವನು ಸೋತಿದ್ದಾನೆ.

ಅದರ ಬದಲು ಕಾಲರ್ ಹತ್ತಿರದ ಮಗುವಿನ ಕೈ ಹಿಡಿದು ನಡೆಯಲು ಶುರುಮಾಡುತ್ತಾರೆ. ಸಂಗೀತ ಆಗಲೇ ನಡೆದಿರುತ್ತದೆ. ಆ ಮಗು ಇನ್ನೊಂದರ ಕೈ, ಅದು ಮತ್ತೊಂದರ ಕೈ ಹಿಡಿಯುತ್ತದೆ. ಸರಪಳಿ ಹಾವಿನಂತೆ ಕೋಣೆ ಸುತ್ತುತ್ತದೆ, ಸುರುಳಿಯಾಗಿ ಒಳಗೆ ಹೋಗಿ ಹೊರಗೆ ಬರುತ್ತದೆ, ಕಮಾನಿನ ಕೆಳಗೆ ನುಸುಳುತ್ತದೆ. ಕೊನೆಗೆ ತಲೆ ಬಾಲ ಸೇರಿ ದೊಡ್ಡ ವೃತ್ತ. ಅಷ್ಟರಲ್ಲಿ ಐದು ನಿಮಿಷ ಕುಣಿದಾಗಿದೆ. ಪಾಠ ಆರಂಭವಾಯಿತೆಂದು ಯಾರಿಗೂ ತಿಳಿದಿಲ್ಲ. ‘ನಿಮ್ಮ ಪಕ್ಕದವರೇ ನಿಮ್ಮ ಜೊತೆಗಾರರು’ ಎಂದರೆ ಜೋಡಿಗಳೂ ಸಿದ್ಧ. ಬೆಸ ಸಂಖ್ಯೆಯಾದರೆ ಮೂವರ ಒಂದು ಗುಂಪಾಗುತ್ತದೆ, ಅಥವಾ ತರಗತಿಯ ಶಿಕ್ಷಕಿಯನ್ನೇ ಕರೆದು ಸೇರಿಸಿಕೊಳ್ಳುತ್ತಾರೆ.

ಎಡ ಬಲ ಗೊಂದಲವಾಗುವ ಮಕ್ಕಳಿಗೆ ‘ಕಿಟಕಿಯ ಕಡೆಗೆ’, ‘ಪಿಯಾನೋ ಕಡೆಗೆ’ ಎನ್ನುತ್ತಾರೆ. ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ಜೋಡಿಯಿಂದ ಮಾಡಿಸಿ ತೋರಿಸುತ್ತಾರೆ. ತಪ್ಪಿದವರ ಹೆಸರನ್ನು ಮೈಕಿನಲ್ಲಿ ಎಂದೂ ಹೇಳುವುದಿಲ್ಲ. ಸಾಲು ಪೂರ್ತಿ ಕಲಸಿಹೋದರೆ, ‘ಇದು ನಾನು ಹೇಳಿದ ರೀತಿಯ ತಪ್ಪು’ ಎಂದು ತಮ್ಮ ಮೇಲೇ ಹಾಕಿಕೊಂಡು ಮೊದಲಿನಿಂದ ಶುರುಮಾಡುತ್ತಾರೆ. ಬಹಳ ಸಲ ಅದು ನಿಜವೂ ಹೌದು.

ಮಕ್ಕಳ ಅಚ್ಚುಮೆಚ್ಚಿನ ಒಂದು ಕುಣಿತ ‘ಗ್ಯಾಲೊಪೀಡ್’. ಎರಡು ಸಾಲು ಎದುರುಬದುರು. ಮುಂದೆ ಬಂದು ಹಿಂದೆ ಸರಿಯಲು 8 ಹೆಜ್ಜೆ. ಜೊತೆಗಾರರೊಡನೆ ಜಾಗ ಬದಲಿಸಲು 8. ಮತ್ತೊಮ್ಮೆ ಅದೇ, ಎಲ್ಲರೂ ತಮ್ಮ ಜಾಗಕ್ಕೆ ವಾಪಸು. ಜೊತೆಗಾರರ ಎರಡೂ ಕೈ ಹಿಡಿದು ಗಿರಕಿ, 16 ಹೆಜ್ಜೆ. ಆಮೇಲೆ ಮುಂದಿನ ಜೋಡಿ ಕೈ ಹಿಡಿದು ಎರಡು ಸಾಲಿನ ನಡುವೆ ನೆಗೆಯುತ್ತಾ ತುದಿಗೆ ಓಡಿ ಅಲ್ಲೇ ನಿಲ್ಲುತ್ತದೆ, 16 ಹೆಜ್ಜೆ. ಉಳಿದವರು ಒಂದೊಂದು ಸ್ಥಾನ ಮೇಲಕ್ಕೆ. ಆರು ಜೋಡಿ ಇದ್ದರೆ ಆರು ಸುತ್ತು, ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಇಷ್ಟರಲ್ಲಿ ಪ್ರತಿ ಜೋಡಿಯೂ ಒಮ್ಮೆ ಮೊದಲನೆಯದಾಗಿರುತ್ತದೆ, ಒಮ್ಮೆ ಕೊನೆಯದಾಗಿರುತ್ತದೆ. ಕೊನೆಯ ಬೆಂಚು ಎಂಬುದು ಈ ಲೆಕ್ಕದಲ್ಲಿ ಯಾರಿಗೂ ಕಾಯಂ ಅಲ್ಲ.

ಮಕ್ಕಳಿಗೆ ಹೇಳಿಕೊಡುವ ಇನ್ನೊಂದು ಗುಟ್ಟು ಹೀಗಿದೆ: ತಪ್ಪಿದರೆ, ತಪ್ಪಿದ ಜಾಗಕ್ಕೆ ಹಿಂದಿರುಗಬೇಡಿ; ಮುಂದಿನ ಚಲನೆಯ ಜಾಗಕ್ಕೆ ಹೋಗಿ ಕಾಯಿರಿ. ರಾಗ ನಿಮ್ಮನ್ನು ಬಂದು ಸೇರುತ್ತದೆ. ಹೆಚ್ಚೆಂದರೆ 33 ಸೆಕೆಂಡಿನಲ್ಲಿ ಅದೇ ಹೆಜ್ಜೆ ಮತ್ತೆ ಬರುತ್ತದೆ, ಆಗ ಸರಿ ಮಾಡಿದರಾಯಿತು. ಪರೀಕ್ಷೆಯಲ್ಲಾದ ತಪ್ಪು ಅಂಕಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇಲ್ಲಿನ ತಪ್ಪಿನ ಆಯುಸ್ಸು ಅರ್ಧ ನಿಮಿಷ. ಮಕ್ಕಳು ಇಲ್ಲಿ ಹೆದರದೆ ಕಲಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಗಿರಕಿಯ ವಿಜ್ಞಾನ

ಎರಡೂ ಕೈ ಹಿಡಿದು ಗಿರಕಿ ಹೊಡೆಯುವಾಗ ಕಾಲರ್ ಹೇಳುವ ಮಾತೊಂದಿದೆ: ‘ನಿಮ್ಮ ಭಾರವನ್ನು ಸ್ವಲ್ಪ ಜೊತೆಗಾರರಿಗೆ ಕೊಡಿ.’ ಹೊಸಬರು ಕೈಯನ್ನು ಸಡಿಲವಾಗಿ, ಒದ್ದೆ ಬಟ್ಟೆಯಂತೆ ಹಿಡಿಯುತ್ತಾರೆ, ಗಿರಕಿ ಏಳುವುದಿಲ್ಲ. ತುಸು ಹಿಂದಕ್ಕೆ ವಾಲಿ ಪರಸ್ಪರ ಎಳೆದರೆ ಇಬ್ಬರೂ ಬುಗುರಿಯಂತೆ ತಿರುಗುತ್ತಾರೆ. ವೃತ್ತದಲ್ಲಿ ಸುತ್ತುವ ಯಾವ ವಸ್ತುವಿಗೂ ಕೇಂದ್ರದ ಕಡೆಗೆ ಎಳೆಯುವ ಬಲ ಬೇಕು ಎಂಬ ಪಾಠವೇ ಇದು.

ಎಷ್ಟು ಬಲ? 40 ಕಿಲೋಗ್ರಾಂ ತೂಗುವ ಹುಡುಗಿ ಕೇಂದ್ರದಿಂದ 0.4 ಮೀಟರ್ ದೂರದಲ್ಲಿದ್ದು ಎರಡು ಸೆಕೆಂಡಿಗೆ ಒಂದು ಸುತ್ತು ಹಾಕುತ್ತಾಳೆ ಎನ್ನಿ. ಸೂತ್ರದಲ್ಲಿ ಹಾಕಿದರೆ ಬಲ ಸುಮಾರು 158 ನ್ಯೂಟನ್, ಅಂದರೆ 16 ಕಿಲೋ ಅಕ್ಕಿಚೀಲವನ್ನು ಎತ್ತಿಹಿಡಿಯುವಷ್ಟು. ಇದಕ್ಕೆ ಒಂದು ಸುಲಭೋಪಾಯವೂ ಇದೆ. ಪೈ ಸಂಖ್ಯೆಯ ವರ್ಗ 9.87; ಗುರುತ್ವದ ವೇಗೋತ್ಕರ್ಷ 9.8. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಎರಡು ಸೆಕೆಂಡಿಗೆ ಒಂದು ಸುತ್ತಾದಾಗ ತೂಕವನ್ನು ಮೀಟರ್ ಲೆಕ್ಕದ ದೂರದಿಂದ ಗುಣಿಸಿದರೆ ಉತ್ತರ ಕಿಲೋ ಲೆಕ್ಕದಲ್ಲೇ ಸಿಗುತ್ತದೆ: 40 ಗುಣಿಲೆ 0.4, ಹದಿನಾರು.

80 ಕಿಲೋ ತೂಗುವ ಅಪ್ಪ 20 ಕಿಲೋ ತೂಗುವ ಮಗಳ ಜೊತೆ ಸುತ್ತಿದರೆ? ಸುತ್ತುವ ಕೇಂದ್ರ ಅಪ್ಪನ ಹತ್ತಿರಕ್ಕೆ ಸರಿಯುತ್ತದೆ. ಮಗಳು ಅಪ್ಪನ ನಾಲ್ಕರಷ್ಟು ದೊಡ್ಡ ವೃತ್ತದಲ್ಲಿ ಹಾರಿದಂತೆ ಸುತ್ತುತ್ತಾಳೆ, ಅಪ್ಪ ನಿಂತಲ್ಲೇ ತಿರುಗಿದಂತಿರುತ್ತದೆ. ಕೈಯ ಮೇಲಿನ ಎಳೆತ ಮಾತ್ರ ಇಬ್ಬರಿಗೂ ಸಮ. ಒಬ್ಬರು ಕೈಬಿಟ್ಟರೆ ಇಬ್ಬರೂ ಸ್ಪರ್ಶರೇಖೆ ಹಿಡಿದು ಗೋಡೆಯ ಕಡೆಗೆ! ಆದ್ದರಿಂದಲೇ ಎಷ್ಟು ಜೋರಾಗಿ ಸುತ್ತಬೇಕೆಂಬುದನ್ನು ಜೋಡಿಯಲ್ಲಿ ಸಣ್ಣವರ ಮುಖ ನೋಡಿ ತೀರ್ಮಾನಿಸಬೇಕೆಂದು ದೊಡ್ಡವರಿಗೆ ಹೇಳುತ್ತಾರೆ.

ಇದೇ ಕುಣಿತದ ಇನ್ನೊಂದು ಮುಖ

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ಅಮೆರಿಕದಲ್ಲಿ ಶಾಲೆಯ ಕುಣಿತ ಎಂದೊಡನೆ ಮುಖ ಹುಳ್ಳಗೆ ಮಾಡುವ ಹಿರಿಯರು ಬೇಕಾದಷ್ಟು ಮಂದಿ ಇದ್ದಾರೆ. ವ್ಯಾಯಾಮದ ಪೀರಿಯಡ್ಡಿನಲ್ಲಿ ಹುಡುಗರನ್ನೂ ಹುಡುಗಿಯರನ್ನೂ ಬಲವಂತವಾಗಿ ಜೋಡಿ ಮಾಡಿ, ಗ್ರಾಮಫೋನ್ ತಟ್ಟೆ ಹಾಕಿ, ತಪ್ಪಿದರೆ ಶಿಳ್ಳೆ ಊದಿ ನಿಲ್ಲಿಸಿದ್ದು ಅವರಿಗೆ ಇನ್ನೂ ನೆನಪಿದೆ. ತಟ್ಟೆಯಲ್ಲಿರುವ ಕಾಲರ್‌ಗೆ ಎದುರಿನವರು ಕಾಣುವುದಿಲ್ಲ. ಎಡವಿದವರಿಗಾಗಿ ಅವನು ನಿಲ್ಲುವುದಿಲ್ಲ, ಕಲಿತವರಿಗಾಗಿ ಸುಮ್ಮನಾಗುವುದೂ ಇಲ್ಲ.

ಈ ಕುಣಿತಗಳು ಶಾಲೆಗಳಿಗೆ ನುಗ್ಗಲು ಕಾರಣರಾದವರಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್ ಒಬ್ಬ. 1920ರ ದಶಕದಲ್ಲಿ ಆತ ಮ್ಯಾಸಚೂಸೆಟ್ಸ್‌ನಿಂದ ಬೆಂಜಮಿನ್ ಲೊವೆಟ್ ಎಂಬ ನೃತ್ಯದ ಮೇಷ್ಟರನ್ನು ತನ್ನ ಊರಾದ ಡಿಯರ್‌ಬಾರ್ನ್‌ಗೆ ಕರೆಸಿಕೊಂಡ. 1926ರಲ್ಲಿ ಹಳೆಯ ಕುಣಿತಗಳ ಪುಸ್ತಕ ಹೊರತಂದ. ಹಳೆಯದರ ಮೇಲೆ ಅವನಿಗಿದ್ದ ಪ್ರೀತಿ ನಿಜ. ಆದರೆ ಕಪ್ಪು ಜನರಿಂದ ಬಂದ ಜಾಝ್ ಸಂಗೀತ ಯುವಕರನ್ನು ಕೆಡಿಸುತ್ತಿದೆ ಎಂಬ ಹಟವೂ ಅದರ ಹಿಂದಿತ್ತು. ಅವನದೇ ಪತ್ರಿಕೆ ಅದೇ ವರ್ಷಗಳಲ್ಲಿ ಯೆಹೂದಿಗಳ ವಿರುದ್ಧ ವಿಷ ಕಾರುತ್ತಿತ್ತು, ಜಾಝ್‌ನ ಅಪರಾಧವನ್ನೂ ಅವರ ತಲೆಗೇ ಕಟ್ಟುತ್ತಿತ್ತು. ‘ಶುದ್ಧ’ವೆಂದು ಅವನು ಎತ್ತಿ ಹಿಡಿದ ಕುಣಿತದ ಕೂಗು ಕಪ್ಪು ವಾದ್ಯಗಾರರಿಂದ ಬಂದಿರಬಹುದೆಂದು ಅವನಿಗೆ ಯಾರು ಹೇಳಬೇಕಿತ್ತು? ಒಂದೇ ಕುಣಿತವನ್ನು ಬಾಗಿಲು ತೆರೆಯಲೂ ಬಳಸಬಹುದು, ಮುಚ್ಚಲೂ ಬಳಸಬಹುದು. ಕಲಿಸುವವರ ಮನಸ್ಸಿನ ಮೇಲೆ ಅದು ನಿಂತಿದೆ.

ಈಚಿನ ವರ್ಷಗಳಲ್ಲಿ ಇಲ್ಲಿನ ಕೂಟಗಳು ಈ ಬಗ್ಗೆ ಎಚ್ಚರ ವಹಿಸಿವೆ. ಮೊದಲು ಗಂಡಸರ ಹೆಜ್ಜೆ, ಹೆಂಗಸರ ಹೆಜ್ಜೆ ಎಂದು ಕೂಗುತ್ತಿದ್ದರು. ಈಗ ಅನೇಕ ಕಡೆ ಎರಡು ಹಕ್ಕಿಗಳ ಹೆಸರು ಕೇಳುತ್ತದೆ: ಎಡಕ್ಕೆ ನಿಲ್ಲುವವರು ‘ಲಾರ್ಕ್’, ಬಲಕ್ಕೆ ನಿಲ್ಲುವವರು ‘ರಾಬಿನ್’. ಅಕ್ಕ ತಂಗಿ, ಅಪ್ಪ ಮಗ, ಇಬ್ಬರು ಗೆಳತಿಯರು, ಯಾರು ಬೇಕಾದರೂ ಎಲ್ಲಿ ಬೇಕಾದರೂ ನಿಲ್ಲಬಹುದು. ಮಕ್ಕಳ ಕುಣಿತಗಳಲ್ಲಂತೂ ಬಹುಪಾಲು ಈ ಭೇದವೇ ಬೇಕಾಗುವುದಿಲ್ಲ.

ಶುಲ್ಕವಿಲ್ಲದ ಕಪಾಟು

ನೆಲ್ಸನ್ನಿಂದ ಆಗ್ನೇಯಕ್ಕೆ ಪೀಟರ್‌ಬರೋ ಪಟ್ಟಣವಿದೆ. ಇಲ್ಲಿನ ಪುರಭವನದಲ್ಲಿಯೂ ಕುಣಿತದ ಕೂಟಗಳು ನಡೆದುಬಂದಿವೆ. ಪ್ರವಾಸಿಗರು ನೋಡಲೇಬೇಕಾದದ್ದು ಅಲ್ಲಿನ ಗ್ರಂಥಾಲಯ. 1833ರಲ್ಲಿ ಊರಿನವರು ಸಭೆ ಸೇರಿ, ತೆರಿಗೆಯ ಹಣದಿಂದ ಎಲ್ಲರಿಗೂ ಉಚಿತವಾಗಿ ಪುಸ್ತಕ ಕೊಡಬೇಕೆಂದು ತೀರ್ಮಾನಿಸಿದರು. ಅಮೆರಿಕದಲ್ಲಿ ತೆರಿಗೆಯಿಂದ ನಡೆದ ಮೊದಲ ಉಚಿತ ಸಾರ್ವಜನಿಕ ಗ್ರಂಥಾಲಯ ಅದು ಎನ್ನಲಾಗಿದೆ. ಅದಕ್ಕೆ ಮೊದಲು ಓದಬೇಕೆಂದರೆ ಚಂದಾ ಕಟ್ಟಬೇಕಿತ್ತು. ಮೇಷ್ಟರಿಗೆ ಶುಲ್ಕ ಕೊಡದವರಿಗೆ ಕುಣಿತ ಸಿಕ್ಕಿದ್ದು ಕೂಗಿನಿಂದ. ಚಂದಾ ಕಟ್ಟಲಾಗದವರಿಗೆ ಓದು ಸಿಕ್ಕಿದ್ದು ಈ ಕಪಾಟಿನಿಂದ.

ಈ ಸೀಮೆಯನ್ನು ನೋಡಲು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಒಳ್ಳೆಯ ಕಾಲ. ಹಗಲು ಬೆಟ್ಟ ಹತ್ತಬಹುದು, ಸಂಜೆ ಕುಣಿತಕ್ಕೆ ಹೋಗಬಹುದು. ಮಗ ಅಥವಾ ಮಗಳ ಮನೆಗೆಂದು ಬೋಸ್ಟನ್ ಕಡೆಗೆ ಹೋಗುವ ಕನ್ನಡಿಗ ತಂದೆತಾಯಿಗಳು ಈಗ ಕಡಿಮೆಯೇನಿಲ್ಲ; ಮೊಮ್ಮಕ್ಕಳ ಜೊತೆ ಒಂದು ಸಂಜೆ ಇಂಥ ಕೂಟಕ್ಕೆ ಹೋದರೆ ಗೋಡೆ ಬದಿಯ ಕುರ್ಚಿಯಲ್ಲಿ ಬಹಳ ಹೊತ್ತು ಕೂರಲು ಯಾರೂ ಬಿಡುವುದಿಲ್ಲ. ಮೆತ್ತಗಿನ ತಳದ ಚಪ್ಪಲಿ ಇದ್ದರೆ ಸಾಕು. ಶಾಲೆಯಲ್ಲಿ ಕೋಲಾಟ ಆಡಿದ್ದವರಿಗೆ ಎಂಟರ ಲೆಕ್ಕ ಬೇಗ ಹತ್ತುತ್ತದೆ.

ನಮ್ಮ ವಾರ್ಷಿಕೋತ್ಸವದ ಕುಣಿತಕ್ಕೆ ಚೆನ್ನಾಗಿ ಆಡುವ ಹನ್ನೆರಡು ಮಕ್ಕಳನ್ನು ಆರಿಸಿ ಉಳಿದವರನ್ನು ಚಪ್ಪಾಳೆಗೆ ಕೂರಿಸುವುದು ಎಲ್ಲರೂ ಕಂಡದ್ದೇ. ಆ ಹನ್ನೆರಡು ಮಕ್ಕಳ ಕುಣಿತ ಚೆಂದವೇ. ಆದರೆ ಚಪ್ಪಾಳೆ ತಟ್ಟುವ ಮಗುವಿಗೂ ಎರಡು ಕಾಲಿವೆ.

ನೆಲ್ಸನ್ನಿನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಕೊನೆಯ ರಾಗ ನುಡಿಯುತ್ತದೆ. ಅದು ನಿಧಾನದ ವಾಲ್ಟ್ಸ್. ಅದಕ್ಕೆ ಕೂಗು ಬೇಕಿಲ್ಲ. ಎಂಟು ವರ್ಷದ ಹುಡುಗಿ ಅಜ್ಜನ ಬೂಟಿನ ಮೇಲೆ ಕಾಲಿಟ್ಟು ನಿಂತಿದ್ದಾಳೆ, ಅಜ್ಜ ಹೆಜ್ಜೆ ಹಾಕುತ್ತಿದ್ದಾನೆ. ಆಮೇಲೆ ಎಲ್ಲರೂ ಸೇರಿ ಕುರ್ಚಿ ಮಡಿಸುತ್ತಾರೆ, ನೆಲ ಗುಡಿಸುತ್ತಾರೆ, ದೀಪ ಆರಿಸುತ್ತಾರೆ. ಕಾಲರ್ ಕೂಡ ಒಂದು ಪೊರಕೆ ಹಿಡಿದಿರುತ್ತಾರೆ. ಮೊದಲ ಸಲ ಬಂದವರಿಗೆ ಅವರಲ್ಲಿ ಕಾಲರ್ ಯಾರೆಂದು ಆಗ ಗುರುತೂ ಹತ್ತುವುದಿಲ್ಲ.